54 ವೋಲ್ಟ್ ಬ್ಯಾಟರಿಗೆ ಐಎನ್‌ಎ226: ಶಂಟ್‌ನ ಎರಡೂ ತುದಿಗೆ ವೋಲ್ಟೇಜ್ ಡಿವೈಡರ್ ಹಾಕಬಹುದೇ?

ಪ್ರಶ್ನೆ:
ಹದಿಮೂರು ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ ಬ್ಯಾಟರಿಯಿಂದ ಹರಿಯುವ ಕರೆಂಟನ್ನು ಅಳೆಯಬೇಕಾಗಿದೆ. ಪೂರ್ತಿ ಚಾರ್ಜ್ ಆದಾಗ ಅದರ ವೋಲ್ಟೇಜ್ 54.6ಕ್ಕೆ ಏರುತ್ತದೆ. ನನ್ನ ಬಳಿಯಿರುವ, ಕರೆಂಟ್ ಅಳೆಯುವ ಐಎನ್‌ಎ226 ಚಿಪ್ 36 ವೋಲ್ಟ್‌ವರೆಗೆ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ 50 ಆಂಪಿಯರ್‌ಗೆ 75 ಮಿಲಿವೋಲ್ಟ್ ಕೊಡುವ ಶಂಟನ್ನು (ಕರೆಂಟ್ ಅಳೆಯಲು ಅದರ ದಾರಿಯಲ್ಲಿ ಇಡುವ ಅತಿ ಕಡಿಮೆ ಪ್ರತಿರೋಧ) ಪಾಸಿಟಿವ್ ತಂತಿಯಲ್ಲಿ ಇಟ್ಟು, ಅದರ ಪ್ರತಿ ತುದಿಯಿಂದಲೂ 47 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳ ಡಿವೈಡರ್ ಮೂಲಕ ಅರ್ಧ ವೋಲ್ಟೇಜನ್ನು ಚಿಪ್‌ಗೆ ಕೊಟ್ಟೆ. ರೆಸಿಸ್ಟರ್‌ಗಳು ಶೇ. 1ರ ನಿಖರತೆಯವು. ಆದರೆ ಲೋಡನ್ನು (ಬ್ಯಾಟರಿಯಿಂದ ಕರೆಂಟ್ ಎಳೆಯುವ ಉಪಕರಣ) ಸಂಪೂರ್ಣವಾಗಿ ಕಳಚಿದರೂ ಶಂಟ್ ರೀಡಿಂಗ್ ಗರಿಷ್ಠ ಮಿತಿಯಾದ 81.9 ಮಿಲಿವೋಲ್ಟ್‌ನಲ್ಲೇ ನಿಂತುಬಿಟ್ಟಿದೆ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿಸಿದ ಮೇಲೆ ನಡುವಿನ ವ್ಯತ್ಯಾಸವೂ ಅರ್ಧವಾಗಿ ಸಿಗಬೇಕಿತ್ತಲ್ಲವೇ?

ಉತ್ತರ 1:
ಎರಡೂ ಕಡೆ ನಿಜವಾಗಿಯೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ತಾವು ಹೇಳಿದ ಹಾಗೆಯೇ ಆಗುತ್ತಿತ್ತು. ತೊಡಕಿರುವುದು ಆ ‘ಒಂದೇ’ ಎಂಬ ಮಾತಿನಲ್ಲಿ. ಡಿವೈಡರ್‌ಗಳಿಂದ ಹೊರಬರುವುದು 27.3 ವೋಲ್ಟ್, ಅವೆರಡರ ಅನುಪಾತದಲ್ಲಿ ಶೇ. 0.3ರಷ್ಟು ವ್ಯತ್ಯಾಸವಿದ್ದರೂ ಸುಮಾರು 82 ಮಿಲಿವೋಲ್ಟ್ ಸುಳ್ಳು ಸಿಗ್ನಲ್ ಹುಟ್ಟುತ್ತದೆ, ಚಿಪ್‌ನ ಇಡೀ ಅಳತೆಯ ವ್ಯಾಪ್ತಿ ಅಷ್ಟರಲ್ಲೇ ಮುಗಿದುಹೋಗುತ್ತದೆ. ಶೇ. 1ರ ರೆಸಿಸ್ಟರ್‌ಗಳಲ್ಲಿ ಈ ದೋಷ ಅತಿ ಕೆಟ್ಟ ಜೋಡಣೆಯಲ್ಲಿ ಅರ್ಧ ವೋಲ್ಟನ್ನೂ ಮೀರಬಹುದು. ಇತ್ತ 20 ಆಂಪಿಯರ್ ಹರಿದಾಗ ತಮ್ಮ ಶಂಟ್ ಕೊಡುವುದು 30 ಮಿಲಿವೋಲ್ಟ್, ಡಿವೈಡರ್ ದಾಟಿದ ಮೇಲೆ ಬರೀ 15.

ಇದಲ್ಲದೆ ಈ ಚಿಪ್‌ನ ಇನ್‌ಪುಟ್ ಪಿನ್‌ಗಳು ತಾವೇ ಸುಮಾರು 10 ಮೈಕ್ರೋಆಂಪಿಯರ್‌ನಷ್ಟು ಕರೆಂಟ್ ಎಳೆಯುತ್ತವೆ. 47 ಕಿಲೋಓಮ್‌ನ ಜೋಡಿಯ ಹೊರಮುಖ ಪ್ರತಿರೋಧ (ಪಿನ್‌ನ ಕಡೆಯಿಂದ ಎರಡೂ ಸಮಾಂತರವಾಗಿ ಕಾಣುವುದರಿಂದ) 23.5 ಕಿಲೋಓಮ್ ಆಗಿರುವುದರಿಂದ ಪ್ರತಿ ಪಿನ್‌ನಲ್ಲಿ 235 ಮಿಲಿವೋಲ್ಟ್ ಅಷ್ಟಕ್ಕೇ ಕುಸಿಯುತ್ತದೆ. ಎರಡೂ ಕಡೆ ಕುಸಿತ ಸರಿಸಮವಾಗಿರುತ್ತದೆಂಬ ಭರವಸೆಯಿಲ್ಲ. ಎತ್ತರದ ವೋಲ್ಟೇಜಿನ ಮೇಲೆ ಕುಳಿತಿರುವ ಚಿಕ್ಕ ವ್ಯತ್ಯಾಸವನ್ನು ಮಾತ್ರ ಆರಿಸಿಕೊಳ್ಳುವುದೇ ಈ ಚಿಪ್‌ನ ಹೆಚ್ಚುಗಾರಿಕೆ; ಮುಂದೆ ಡಿವೈಡರ್ ಇಟ್ಟರೆ ಆ ಗುಣವನ್ನು ಕಸಿದುಕೊಂಡಂತೆಯೇ ಸರಿ.

ಪ್ರಶ್ನೆ ಕೇಳಿದವರು:
ವಿವರಣೆಗೆ ಧನ್ಯವಾದಗಳು. ಶೇ. 0.1ರ ರೆಸಿಸ್ಟರ್‌ಗಳನ್ನು ಹಾಕಿ, ಉಳಿಯುವ ದೋಷವನ್ನು ಲೋಡ್ ಇಲ್ಲದಾಗ ಅಳೆದು ಪ್ರೋಗ್ರಾಂನಲ್ಲಿ ಕಳೆದುಬಿಟ್ಟರೆ ಸಾಲದೇ?

ಉತ್ತರ 1:
ಸಾಲದು. ಆ ದೋಷ ಬ್ಯಾಟರಿಯ ವೋಲ್ಟೇಜಿಗೆ ಅನುಗುಣವಾಗಿ ಬದಲಾಗುತ್ತದೆ, 54.6ರಲ್ಲಿ ಅಳೆದ ಸಂಖ್ಯೆ 45ಕ್ಕೆ ಇಳಿದಾಗ ಹೊಂದುವುದಿಲ್ಲ. ವೋಲ್ಟೇಜನ್ನೂ ಅಳೆದು ಅದನ್ನು ಸರಿದೂಗಿಸಬಹುದು ಎನ್ನೋಣ, ಆದರೆ ಉಷ್ಣತೆಯನ್ನು ಏನು ಮಾಡುವುದು? ಒಂದು ಡಿವೈಡರ್‌ನ ಎರಡು ರೆಸಿಸ್ಟರ್‌ಗಳು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 50 ಭಾಗದಷ್ಟು ಬೇರೆ ಬೇರೆಯಾಗಿ ಬದಲಾದರೆ, 10 ಡಿಗ್ರಿ ಏರಿಕೆಗೆ ಸುಮಾರು 6.8 ಮಿಲಿವೋಲ್ಟ್ ದೋಷ ಬರುತ್ತದೆ. ತಮ್ಮ ಅಳತೆಯಲ್ಲಿ ಅದು 9 ಆಂಪಿಯರ್‌ಗೆ ಸಮ.

ಉತ್ತರ 2:
ಇರುವ ಚಿಪ್‌ನಲ್ಲೇ ಕೆಲಸ ಮುಗಿಸಬೇಕೆಂದಿದ್ದರೆ ಶಂಟನ್ನು ನೆಗೆಟಿವ್ ತಂತಿಗೆ ವರ್ಗಾಯಿಸಿ, ಚಿಪ್‌ನ ಗ್ರೌಂಡನ್ನು (ಸೊನ್ನೆ ವೋಲ್ಟ್‌ನ ಪಿನ್) ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿ. ಆಗ ಶಂಟ್‌ನ ತುದಿಗಳು ಸೊನ್ನೆಯ ಆಸುಪಾಸಿನಲ್ಲೇ ಇರುವುದರಿಂದ ಅಲ್ಲಿ ಡಿವೈಡರ್ ಬೇಡ. ಬ್ಯಾಟರಿಯ ವೋಲ್ಟೇಜ್ ಅಳೆಯುವ ಪಿನ್ ಐಎನ್‌ಎ226ರಲ್ಲಿ ಪ್ರತ್ಯೇಕವಾಗಿದೆ. ಡಿವೈಡರ್‌ಗೆ ಸರಿಯಾದ ಜಾಗ ಅದು, ಏಕೆಂದರೆ ಅಲ್ಲಿನ ಶೇ. 1ರ ದೋಷ ಬರೀ ಶೇ. 1ರ ದೋಷವಾಗಿಯೇ ಉಳಿಯುತ್ತದೆ. ಆದರೆ ಆ ಪಿನ್‌ಗೂ ಸುಮಾರು 830 ಕಿಲೋಓಮ್ ಒಳಪ್ರತಿರೋಧವಿದೆ. ತಮ್ಮ 47 ಕಿಲೋಓಮ್‌ನ ಜೋಡಿಯನ್ನೇ ಬಳಸಿದರೆ 27.3ರ ಬದಲು 26.55 ವೋಲ್ಟ್ ಕಾಣುತ್ತದೆ, ಹಾಗಾಗಿ 2ರಿಂದಲ್ಲ, 2.057ರಿಂದ ಗುಣಿಸಬೇಕು; ಒಮ್ಮೆ ಮಲ್ಟಿಮೀಟರ್‌ನೊಂದಿಗೆ ತಾಳೆ ನೋಡುವುದು ಇನ್ನೂ ಒಳ್ಳೆಯದು. ಕೆಳಗಿನ ರೆಸಿಸ್ಟರ್‌ನ ಬೆಸುಗೆ ಬಿಟ್ಟುಹೋದರೆ ಪಿನ್ 50 ವೋಲ್ಟ್ ಮೀರುತ್ತದೆಯಾದ್ದರಿಂದ ಅದಕ್ಕೆ ಸಮಾಂತರವಾಗಿ ವೋಲ್ಟೇಜ್ ಹೆಚ್ಚು ಮೇಲೇರದಂತೆ ತಡೆಯುವ 33 ವೋಲ್ಟ್‌ನ ಜೀನರ್ ಡಯೋಡ್ ಇಡಿ.

ಒಂದು ಎಚ್ಚರಿಕೆ. ಲೋಡ್‌ನ ನೆಗೆಟಿವ್ ಮತ್ತು ಚಿಪ್‌ನ ರೀಡಿಂಗನ್ನು ಓದುವ ಮೈಕ್ರೋಕಂಟ್ರೋಲರ್‌ನ ಗ್ರೌಂಡ್ ಇನ್ನೆಲ್ಲೂ ಸೇರಬಾರದು. ನಾನು ಹೀಗೆಯೇ ಮಾಡಿದ್ದಾಗ ಕಂಪ್ಯೂಟರಿನ ಯುಎಸ್‌ಬಿ ಕೇಬಲ್ ಮೂಲಕ ಎರಡೂ ಸೇರಿಕೊಂಡು, ಕರೆಂಟಿನ ಒಂದು ಪಾಲು ಶಂಟನ್ನು ತಪ್ಪಿಸಿ ಆ ತೆಳು ತಂತಿಯಲ್ಲೇ ಹರಿಯುತ್ತಿತ್ತು. ರೀಡಿಂಗ್ ಯಾಕೆ ಕಡಿಮೆಯೆಂದು ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡಿದ್ದೆ.

ಉತ್ತರ 3:
ಹೊಸ ಚಿಪ್ ತರಲು ಸಾಧ್ಯವಿದ್ದರೆ 85 ವೋಲ್ಟ್‌ವರೆಗೆ ನೇರವಾಗಿ ಅಳೆಯುವ ಐಎನ್‌ಎ228 ಇದೆ. ಶಂಟನ್ನು ಪಾಸಿಟಿವ್ ತಂತಿಯಲ್ಲೇ ಬಿಡಬಹುದು. ಆದರೂ ಲೋಡ್ ಮೋಟಾರ್ ಆಗಿದ್ದರೆ, ಬ್ರೇಕ್ ಹಾಕಿದಾಗ ವೋಲ್ಟೇಜ್ ಎಷ್ಟಕ್ಕೆ ಚಿಮ್ಮುತ್ತದೆಂದು ಆಸಿಲೋಸ್ಕೋಪ್‌ನಲ್ಲಿ ಮೊದಲು ನೋಡಿಕೊಳ್ಳಿ. ಇದೇ ಸರ್ಕ್ಯೂಟನ್ನು ಮುಂದೆ ನೂರಾರು ವೋಲ್ಟ್‌ಗಳಿಗೆ ಒಯ್ಯುವ ಯೋಚನೆಯಿದ್ದರೆ ಈ ಚಿಪ್‌ಗಳನ್ನೂ ಡಿವೈಡರನ್ನೂ ಬಿಟ್ಟುಬಿಡಿ: ಡಿವೈಡರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಮುಟ್ಟುವವರನ್ನು ಬ್ಯಾಟರಿಯಿಂದ ಬೇರ್ಪಡಿಸುವುದಿಲ್ಲ. ಅಲ್ಲಿ ಕರೆಂಟನ್ನು ಅದರ ಕಾಂತಕ್ಷೇತ್ರದಿಂದ ಅಳೆಯುವ ಹಾಲ್ ಪರಿಣಾಮದ ಸೆನ್ಸರ್ ಅಥವಾ ವಿದ್ಯುತ್ ಸಂಪರ್ಕವಿಲ್ಲದೆ ಸಿಗ್ನಲ್ ದಾಟಿಸುವ ಐಸೊಲೇಟೆಡ್ ಆಂಪ್ಲಿಫೈಯರ್ ಬೇಕಾಗುತ್ತದೆ.