ಕೆಲಸದ ವೀಸಾ ಇದ್ದೂ ಕಾಯಂ ನಿವಾಸಕ್ಕೆ ಇಷ್ಟೊಂದು ಹಂಬಲ ಏಕೆ?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಮಲ್ಲೇಶ್ವರ

ಎಲ್ಲರಿಗೂ ನಮಸ್ಕಾರ. ನನ್ನ ಮಗ 13 ವರ್ಷಗಳಿಂದ ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದಾನೆ. ಸಂಬಳಕ್ಕೆ ಕೊರತೆಯಿಲ್ಲ, ಸಾಲ ಮಾಡಿ ಮನೆಯನ್ನೂ ಕೊಂಡಿದ್ದಾನೆ, ಮೂರು ವರ್ಷದ ಮಗುವಾಗಿ ಇಲ್ಲಿಂದ ಹೊರಟ ಮೊಮ್ಮಗಳಿಗೆ ಈಗ ಹದಿನಾರು ತುಂಬಿದೆ. ಅವನ ವೀಸಾ ಮೂರು ವರ್ಷಕ್ಕೊಮ್ಮೆ ಮುಂದುವರಿಯುತ್ತಲೇ ಇದೆ. ಹೀಗಿದ್ದೂ ಗ್ರೀನ್ ಕಾರ್ಡಿನ, ಅಂದರೆ ಅಲ್ಲಿಯ ಕಾಯಂ ನಿವಾಸದ ಅನುಮತಿಯ, ಮಾತು ಬಾರದೆ ಅವನ ಒಂದು ಫೋನ್ ಕರೆಯೂ ಮುಗಿಯುವುದಿಲ್ಲ.

ಈ ಯುಗಾದಿಗೆ ಬಂದಿದ್ದಾಗ, ಹಬ್ಬದ ಮರುದಿನವೇ ಊಟದ ಮೇಜಿನ ಮೇಲೆ ಸಂಬಳದ ಚೀಟಿಗಳನ್ನೂ ತೆರಿಗೆಯ ಕಾಗದಗಳನ್ನೂ ಕಂಪನಿಯ ಪತ್ರಗಳನ್ನೂ ಹರಡಿಕೊಂಡು, ಒಂದೊಂದು ವರ್ಷದ್ದಕ್ಕೂ ಬೇರೆ ಬೇರೆ ಕ್ಲಿಪ್ ಹಾಕಿ ಜೋಡಿಸಿ, ಅಂದಿನ ರಾತ್ರಿ ರೈಲಿಗೆ ಸ್ಟ್ಯಾಂಪಿಂಗ್‌ಗೆಂದು (ಪಾಸ್‌ಪೋರ್ಟಿಗೆ ವೀಸಾ ಮುದ್ರೆ ಹಾಕಿಸಲು) ಚೆನ್ನೈಗೆ ಹೊರಟ. ಪಾಸ್‌ಪೋರ್ಟ್ ಮರಳಿ ಕೈಸೇರುವವರೆಗೆ ಅವನಿಗೆ ಒಬ್ಬಟ್ಟೂ ರುಚಿಸಲಿಲ್ಲ.

“ಗ್ರೀನ್ ಕಾರ್ಡ್ ಬಂತೆಂದರೆ ಮುಗಿಯಿತು, ಇನ್ನು ಅವನು ಈ ಕಡೆ ತಲೆ ಹಾಕುವುದಿಲ್ಲ” ಎಂದು ನಮ್ಮ ನೆಂಟರಿಷ್ಟರು ಹೇಳುತ್ತಾರೆ. ಕಾಯಂ ನಿವಾಸ ಬೇಕೆನ್ನುವುದು ಊರನ್ನು ಬಿಡುವ ತೀರ್ಮಾನವೇ? ಮಗನನ್ನೇ ಕೇಳಬಹುದಿತ್ತು, ಆದರೆ ನಾನು ಕೇಳಿದರೆ ಅದು ಆಕ್ಷೇಪಣೆಯಂತೆ ಕೇಳಿಸೀತೆಂಬ ಅಳುಕು. ಹೊರಗೆ ಇರುವವರು, ಇದ್ದು ಬಂದವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ಟೊರಾಂಟೊ, ಮೂಲತಃ ರಾಜಾಜಿನಗರ

ಮೇಡಂ, ನಮಸ್ಕಾರ. ನಾನು ಒಂಬತ್ತು ವರ್ಷ ನಿಮ್ಮ ಮಗನ ಸ್ಥಿತಿಯಲ್ಲೇ ಅಮೆರಿಕದಲ್ಲಿದ್ದು, ಆಮೇಲೆ ಕೆನಡಾಕ್ಕೆ ಬಂದವನು. ನಿಮ್ಮ ನೆಂಟರ ಮಾತು ನನ್ನ ಅನುಭವದಲ್ಲಿ ತಿರುಗಾಮುರುಗಾ ಆಗಿದೆ. ನಾನು ಕಾಯಂ ನಿವಾಸವನ್ನು ಬಯಸಿದ್ದು ಮುಖ್ಯವಾಗಿ ಊರಿಗೆ ಬರುವುದಕ್ಕಾಗಿ.

ಎಚ್-1ಬಿ ವೀಸಾ ನೌಕರನ ಹೆಸರಿನಲ್ಲಿದ್ದರೂ ಅದರ ಬೇರು ಇರುವುದು ಕಂಪನಿಯ ಅರ್ಜಿಯಲ್ಲಿ. ಕೆಲಸ ಹೋದರೆ 2017ರಿಂದ ಜಾರಿಯಲ್ಲಿರುವ ನಿಯಮದಂತೆ ಹೆಚ್ಚೆಂದರೆ 60 ದಿನಗಳ ಅವಕಾಶ. ಅಷ್ಟರೊಳಗೆ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲವೆ ಬೇರೆ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕು, ಅದೂ ಆಗದಿದ್ದರೆ ಮನೆ, ಕಾರು, ಮಗುವಿನ ಶಾಲೆ ಎಲ್ಲವನ್ನೂ ಬಿಟ್ಟು ದೇಶದಿಂದ ಹೊರಡಬೇಕು. ಇನ್ನೊಂದು ತೊಡಕು ಪ್ರಯಾಣದ್ದು. ಅಲ್ಲಿ ಉಳಿಯುವ ಅನುಮತಿ ಮುಂದುವರಿದಿದ್ದರೂ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಒಮ್ಮೆ ಹೊರಗೆ ಕಾಲಿಟ್ಟವರು ಸಾಮಾನ್ಯವಾಗಿ ಹೊಸ ಮುದ್ರೆ ಹಾಕಿಸಿಕೊಳ್ಳದೆ ಒಳಗೆ ಬರುವಂತಿಲ್ಲ. ನಿಮ್ಮ ಮಗ ಹಬ್ಬದ ಮರುದಿನ ಚೆನ್ನೈಗೆ ಓಡಿದ್ದು ಅದಕ್ಕಾಗಿಯೇ.

2021ರ ಕೊನೆಯಲ್ಲಿ, ವೀಸಾ ಸಂದರ್ಶನದ ದಿನಾಂಕಗಳು ತಿಂಗಳುಗಟ್ಟಲೆ ಮುಂದೆ ಹೋಗಿದ್ದ ಕಾಲದಲ್ಲಿ, ನಮ್ಮ ತಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೀವ್ರ ನಿಗಾ ಘಟಕ ಸೇರಿದರು. ನನ್ನ ಮುದ್ರೆಯ ಅವಧಿ ಮುಗಿದಿತ್ತು. ಹೋದರೆ ಹಿಂದಿರುಗುವುದು ಯಾವಾಗ, ಅಲ್ಲಿಯವರೆಗೆ ಕೆಲಸ ಉಳಿಯುತ್ತದೆಯೇ, ಹೆಂಡತಿ ಮಗುವನ್ನು ಬಿಟ್ಟು ಹೋಗಲೇ, ಕರೆದುಕೊಂಡು ಹೋಗಲೇ ಎಂದು ನಾಲ್ಕು ದಿನ ಲೆಕ್ಕ ಹಾಕಿದೆ. ನನ್ನ ತಮ್ಮ ಆ ಘಟಕದ ಗಾಜಿನ ಬಾಗಿಲಿನ ಹೊರಗೆ ನಿಂತು ಫೋನ್ ಎತ್ತಿ ಹಿಡಿಯುತ್ತಿದ್ದ, ಬಾಗಿಲಿನ ಮೇಲೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬದ ಆಚೆಗೆ ಅಪ್ಪನ ಹೊದಿಕೆಯ ತುದಿಯಷ್ಟೇ ನನಗೆ ಕಾಣುತ್ತಿತ್ತು. ಐದನೆಯ ದಿನ ಟಿಕೆಟ್ ತೆಗೆದೆ. ನಾನು ವಿಮಾನದಲ್ಲಿರುವಾಗಲೇ ಅವರು ತೀರಿಕೊಂಡರು. ಕೊಳ್ಳಿ ಇಟ್ಟವನು ತಮ್ಮ. ಆ ನಾಲ್ಕು ದಿನಗಳನ್ನು ನಾನು ಇಂದಿಗೂ ಮರೆತಿಲ್ಲ.

ಗ್ರೀನ್ ಕಾರ್ಡಿಗಾಗಿ ಕಾಯಬಹುದಿತ್ತಲ್ಲ ಎಂದರೆ, ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್‌ಗಳಷ್ಟೇ ಇವೆ, ಹೆಂಡತಿ ಮಕ್ಕಳ ಲೆಕ್ಕವೂ ಅದರಲ್ಲೇ ಸೇರಿದೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಪಾಲು ಸಿಗುವುದಿಲ್ಲವಾದ್ದರಿಂದ, ಭಾರತದಲ್ಲಿ ಹುಟ್ಟಿದವರ ಸಾಲು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಮೇಡಂ, ನಿಮ್ಮ ಮೊಮ್ಮಗಳ ವಯಸ್ಸನ್ನು ಓದಿದಾಗ ನನಗೆ ತಟ್ಟಿದ್ದು ಇದೇ. ಅವಳಿರುವುದು ತಂದೆಯ ಮೇಲಿನ ಅವಲಂಬಿತ ವೀಸಾದಲ್ಲಿ. 21 ತುಂಬಿದ ದಿನ ಆ ಅವಲಂಬನೆ ಮುಗಿಯುತ್ತದೆ. ಬುದ್ಧಿ ಬಂದಾಗಿನಿಂದ ಬೆಳೆದ ಊರಿನಲ್ಲಿಯೇ ಅವಳು ವಿದೇಶಿ ವಿದ್ಯಾರ್ಥಿಯಾಗಿ ಬೇರೆ ವೀಸಾ ಪಡೆಯಬೇಕಾಗುತ್ತದೆ. ಅರ್ಜಿ ಬಾಕಿಯಿದ್ದ ಅವಧಿಯನ್ನು ವಯಸ್ಸಿನಿಂದ ಕಳೆಯುವ ಒಂದು ಕಾನೂನು 2002ರಿಂದ ಇದ್ದರೂ, ಇಷ್ಟು ಉದ್ದದ ಸಾಲಿನಲ್ಲಿ ಅದು ಎಲ್ಲ ಮಕ್ಕಳನ್ನೂ ಉಳಿಸುವುದಿಲ್ಲ. ನಿಮ್ಮ ಮಗನ ಪ್ರತಿ ಫೋನ್ ಕರೆಯಲ್ಲೂ ಆ ಮಾತು ಬರುವುದಕ್ಕೆ ಇದೇ ಕಾರಣವಿರಬಹುದು.

ನನಗೆ ಕೆನಡಾದ ಪಿ.ಆರ್. (ಕಾಯಂ ನಿವಾಸ) 2023ರಲ್ಲಿ ಬಂತು. ಐದು ವರ್ಷಗಳಲ್ಲಿ 730 ದಿನ ಇಲ್ಲಿದ್ದರೆ ಅದು ಉಳಿಯುತ್ತದೆ. ಕಳೆದ ವರ್ಷ ಅಮ್ಮನ ಮಂಡಿ ಶಸ್ತ್ರಚಿಕಿತ್ಸೆಗೆ ಬಂದು ಹನ್ನೊಂದು ವಾರ ಅವರ ಜೊತೆಗಿದ್ದೆ. ದಿನವೂ ಬೆಳಿಗ್ಗೆ ಅವರನ್ನು ಗೇಟಿನವರೆಗೆ ನಡೆಸಿಕೊಂಡು ಹೋಗಿ ಬರುತ್ತಿದ್ದೆ. ವೀಸಾದ ಯೋಚನೆ ಒಮ್ಮೆಯೂ ಬರಲಿಲ್ಲ.

ಉತ್ತರ 2: ಮ್ಯೂನಿಕ್, ಮೂಲತಃ ಹನುಮಂತನಗರ

ಮೇಲಿನವರು ಬರೆದದ್ದನ್ನು ಓದಿ ಮನಸ್ಸು ಭಾರವಾಯಿತು. ನಾನು ಒಂದು ಗೊಂದಲವನ್ನು ಮಾತ್ರ ಬಿಡಿಸುತ್ತೇನೆ. ಕಾಯಂ ನಿವಾಸ ಬೇರೆ, ಪೌರತ್ವ ಬೇರೆ. ನಮ್ಮಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದಲೇ ತಂದೆ ತಾಯಂದಿರಿಗೆ ಇಲ್ಲದ ಆತಂಕವಾಗುತ್ತದೆ.

ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಪರಿಣತ ವಿದೇಶಿ ನೌಕರರ ಕೆಲಸದ ಪರವಾನಗಿ) ಮೇಲೆ ಕೆಲಸ ಮಾಡುವವರು ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಕಲಿತರೆ 21 ತಿಂಗಳಲ್ಲಿ, ಎ1, ಅಂದರೆ ಆರಂಭಿಕ ಮಟ್ಟದಷ್ಟೇ ಬಂದರೆ 27 ತಿಂಗಳಲ್ಲಿ, ಪಿಂಚಣಿ ವಂತಿಗೆ ಮುಂತಾದ ಷರತ್ತುಗಳನ್ನು ಪೂರೈಸಿ ಕಾಯಂ ನಿವಾಸ ಪಡೆಯಬಹುದು. ನಾನು ಅದನ್ನು ಪಡೆದಿದ್ದೇನೆ, ಪೌರತ್ವಕ್ಕೆ ಮಾತ್ರ ಅರ್ಜಿ ಹಾಕಿಲ್ಲ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಕಾನೂನಿನಿಂದ ಜರ್ಮನಿಯ ಕಡೆಯಿಂದ ಎರಡು ಪೌರತ್ವಕ್ಕೆ ಅಡ್ಡಿಯಿಲ್ಲ. ಅಡ್ಡಿ ಇರುವುದು ನಮ್ಮ 1955ರ ಪೌರತ್ವ ಕಾಯ್ದೆಯಲ್ಲಿ. ಅದರ 9ನೇ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರರಾದವರು ಭಾರತದ ಪೌರರಾಗಿ ಉಳಿಯುವುದಿಲ್ಲ. ಆಮೇಲೆ ಓ.ಸಿ.ಐ. ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಸಿಗುತ್ತದೆ, ಬಂದು ಎಷ್ಟು ಕಾಲ ಬೇಕಾದರೂ ಇರಬಹುದು, ಆದರೆ ಮತದಾನವಿಲ್ಲ. ಕಾಯಂ ನಿವಾಸದಲ್ಲಿ ಇದಾವುದನ್ನೂ ಕಳೆದುಕೊಳ್ಳಬೇಕಿಲ್ಲ. ನನ್ನಂಥ ಅನೇಕರಿಗೆ ಅದು ಹಿಡಿಸುವುದೇ ಈ ಕಾರಣಕ್ಕೆ: ಇಲ್ಲಿ ನೆಮ್ಮದಿಯಾಗಿ ಇದ್ದುಕೊಂಡು ಭಾರತದ ಪಾಸ್‌ಪೋರ್ಟನ್ನೂ ಇಟ್ಟುಕೊಳ್ಳಬಹುದು.

ದಿನನಿತ್ಯದ ಬದುಕಿನಲ್ಲಿ ಏನು ಬದಲಾಯಿತೆಂದರೆ, ಬೆಂಗಳೂರಿನ 11 ತಿಂಗಳ ಬಾಡಿಗೆ ಕರಾರನ್ನು ನೆನಪಿಸಿಕೊಳ್ಳಿ. ಮಾಲೀಕರು ಎಷ್ಟೇ ಒಳ್ಳೆಯವರಾದರೂ ಗೋಡೆಗೊಂದು ಮೊಳೆ ಹೊಡೆಯುವ ಮುನ್ನ ಯೋಚಿಸುತ್ತೇವೆ. ನಾಲ್ಕು ವರ್ಷ ನಾನು ಇಲ್ಲಿ ಪುಸ್ತಕದ ಕಪಾಟನ್ನೂ ಕೊಳ್ಳಲಿಲ್ಲ, ಪುಸ್ತಕಗಳೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಕಾಯಂ ನಿವಾಸದ ಕಾರ್ಡ್ ಬಂದ ವಾರವೇ ಕಪಾಟು ತಂದೆ. ಮೇಲಧಿಕಾರಿ ಅನ್ಯಾಯವಾಗಿ ನಡೆದುಕೊಂಡಾಗ “ಇದು ಸರಿಯಲ್ಲ” ಎಂದು ಹೇಳುವ ಧೈರ್ಯವೂ ಆಮೇಲೆಯೇ ಬಂತು.

ಉತ್ತರ 3: ಬನಶಂಕರಿ

ನಾನು ಶಾರ್ಜಾದಲ್ಲಿ 22 ವರ್ಷ ಲೆಕ್ಕಪತ್ರ ವಿಭಾಗದಲ್ಲಿದ್ದವನು. ಆಗ ಅಲ್ಲಿ ನಮ್ಮಂಥ ಸಾಮಾನ್ಯ ನೌಕರರಿಗೆ ಕಾಯಂ ನಿವಾಸವೆಂಬುದೇ ಇರಲಿಲ್ಲ. ಯು.ಎ.ಇ. 2019ರಿಂದ ಕೊಡುತ್ತಿರುವ ಗೋಲ್ಡನ್ ವೀಸಾ ಹೂಡಿಕೆದಾರರಿಗೆ, ಹೆಚ್ಚಿನ ಸಂಬಳದ ಪರಿಣತರಿಗೆ, ಅದೂ ದೀರ್ಘಾವಧಿಯದೇ ಹೊರತು ಕಾಯಂ ಅಲ್ಲ.

ಹಾಗಾಗಿ ಗಲ್ಫಿನವರೆಲ್ಲ ಕಡೆಗೆ ಊರಿಗೆ ಮರಳುತ್ತಾರೆಂದು ಜನ ಮೆಚ್ಚಿಕೊಳ್ಳುತ್ತಾರೆ. ಮರಳುವುದು ನಿಜ, ಆದರೆ ಅದು ನಾವು ಆರಿಸಿಕೊಂಡದ್ದಲ್ಲ. ಕಂಪನಿ ಮುಚ್ಚಿದಾಗ ಹತ್ತನೇ ತರಗತಿಯ ಪರೀಕ್ಷೆಗೆ ಎರಡು ತಿಂಗಳಿದ್ದ ಮಗಳನ್ನು ಕರೆದುಕೊಂಡು ಬಂದೆ. ಇಲ್ಲಿಯ ಶಾಲೆ ಆ ವರ್ಷ ಸೇರಿಸಿಕೊಳ್ಳಲಿಲ್ಲ, ಅವಳಿಗೆ ಒಂದು ವರ್ಷ ಹೋಯಿತು. ಕಾಯಂ ನಿವಾಸ ಸಿಕ್ಕವರೆಲ್ಲ ಮರಳಿ ಬರುತ್ತಾರೆಂದು ನಾನು ಹೇಳಲಾರೆ, ಅಕ್ಕ. ಅಲ್ಲೇ ಬೇರು ಬಿಟ್ಟವರು ಬಹಳ ಮಂದಿ ಇದ್ದಾರೆ. ಆದರೆ ಬರುವ ಹೊತ್ತನ್ನು ಅವರವರೇ ನಿರ್ಧರಿಸಬಹುದು. ನಮಗೆ ಅದಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಮೂವರಿಗೂ ನಾನು ಋಣಿ. 21 ವರ್ಷದ ವಿಷಯ ನನಗೆ ಗೊತ್ತೇ ಇರಲಿಲ್ಲ, ಮಗ ಬೇಕೆಂದೇ ಹೇಳಿರಲಿಲ್ಲ. ಇಂದು ಬೆಳಿಗ್ಗೆ ನಾನೇ ಫೋನ್ ಮಾಡಿ “ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿನ್ನ ಅರ್ಜಿಯ ದಿನಾಂಕ ಯಾವುದಪ್ಪಾ?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಒಂದು ಗಂಟೆಯ ಕಾಲ ಎಲ್ಲವನ್ನೂ ಬಿಡಿಸಿ ಹೇಳಿದ. ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದೇನೆ.

ಮೊಮ್ಮಗಳು ಇನ್ನೆರಡು ವರ್ಷಕ್ಕೆ ಕಾಲೇಜು ಸೇರುತ್ತಾಳೆ. ವಿದ್ಯಾರ್ಥಿ ವೀಸಾಕ್ಕೆ ಆಗಲೇ ಬದಲಾಯಿಸುವುದು ಒಳ್ಳೆಯದೇ, ಅಥವಾ 21 ಹತ್ತಿರವಾಗುವವರೆಗೆ ಅವಲಂಬಿತ ವೀಸಾದಲ್ಲೇ ಇರಬೇಕೇ? ಮಕ್ಕಳನ್ನು ಈ ಘಟ್ಟ ದಾಟಿಸಿದವರು ಇಲ್ಲಿ ಯಾರಾದರೂ ಇದ್ದರೆ ಬರೆಯಿರಿ. ಮಗನಿಗೆ ಓದಿ ಹೇಳುತ್ತೇನೆ.