ಸೆಮ್ಯಾಂಟಿಕ್-ರಿಲೀಸ್ ಮತ್ತೆ 1.0.0 ಎನ್ನುತ್ತಿದೆ, ಟ್ಯಾಗ್ ಈಗಾಗಲೇ ಇದೆ ಎಂದು ನಿಲ್ಲುತ್ತಿದೆ

ಪ್ರಶ್ನೆ

ನಮ್ಮದು ಎನ್‌ಪಿಎಂನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರ) ಪ್ರಕಟವಾಗುವ ಒಂದು ನೋಡ್ ಲೈಬ್ರರಿ. ಆವೃತ್ತಿ ಸಂಖ್ಯೆ ಏರಿಸುವುದು, ಟ್ಯಾಗ್ (ಒಂದು ಕಮಿಟ್‌ಗೆ, ಅಂದರೆ ದಾಖಲಾದ ಬದಲಾವಣೆಗೆ, ಅಂಟಿಸುವ ಆವೃತ್ತಿಯ ಹೆಸರು) ಹಾಕುವುದು, ಬಿಡುಗಡೆಯ ಟಿಪ್ಪಣಿ ಬರೆಯುವುದು ಎಲ್ಲವನ್ನೂ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ (ಗಿಟ್‌ಹಬ್‌ನ ಸ್ವಯಂಚಾಲನಾ ಸೇವೆ) ಸೆಮ್ಯಾಂಟಿಕ್-ರಿಲೀಸ್ ಎಂಬ ಉಪಕರಣಕ್ಕೆ ಒಪ್ಪಿಸಿದ್ದೇವೆ. 1.4.2ರವರೆಗೆ ಯಾವ ತಕರಾರೂ ಇರಲಿಲ್ಲ. ಈಗ ಮೇನ್ ಬ್ರಾಂಚ್‌ಗೆ ಒಂದು ಫಿಕ್ಸ್ ಕಮಿಟ್ (ದೋಷ ತಿದ್ದುವ ಬದಲಾವಣೆ) ಸೇರಿಸಿದರೆ, 1.4.3 ಬರಬೇಕಾದಲ್ಲಿ, ಹಿಂದಿನ ಬಿಡುಗಡೆಯೇ ಇಲ್ಲ, ಮುಂದಿನ ಆವೃತ್ತಿ 1.0.0 ಎಂದು ಲಾಗ್ ಹೇಳುತ್ತದೆ. ಅದರ ಬೆನ್ನಿಗೇ ವಿ1.0.0 ಟ್ಯಾಗ್ ಈಗಾಗಲೇ ಇದೆ ಎಂಬ ದೋಷ ಬಂದು ಕೆಲಸ ನಿಂತುಹೋಗುತ್ತದೆ. ಪ್ಯಾಕೇಜ್.ಜೇಸನ್‌ನಲ್ಲಿ 1.4.2 ಎಂದು ಸರಿಯಾಗಿಯೇ ಇದೆ, ಟ್ಯಾಗ್‌ಗಳೆಲ್ಲ ಗಿಟ್‌ಹಬ್‌ನಲ್ಲಿ ಕಾಣುತ್ತಿವೆ, ಚೆಕ್‌ಔಟ್ ಹಂತದಲ್ಲಿ ಫೆಚ್-ಡೆಪ್ತ್ ಕೂಡ 0 (ಪೂರ್ತಿ ಇತಿಹಾಸ ತರಿಸು ಎಂದರ್ಥ) ಇದೆ. ವಿ1.0.0 ಟ್ಯಾಗನ್ನು ಅಳಿಸಿ ಮತ್ತೆ ಓಡಿಸಬಹುದೇ?

ಉತ್ತರ

ದಯವಿಟ್ಟು ಅಳಿಸಬೇಡಿ. ಸೆಮ್ಯಾಂಟಿಕ್-ರಿಲೀಸ್ ಮೊದಲು ಟ್ಯಾಗ್ ಹಾಕಿ ಪುಶ್ ಮಾಡುತ್ತದೆ, ಆಮೇಲೆ ಪ್ರಕಟಣೆಗೆ ಕೈಹಾಕುತ್ತದೆ. ಹಳೆಯ ಟ್ಯಾಗ್ ಇಲ್ಲದಿದ್ದರೆ ಹೊಸ ವಿ1.0.0 ಸಲೀಸಾಗಿ ಹುಟ್ಟುತ್ತದೆ. ಆದರೆ ಒಮ್ಮೆ ಪ್ರಕಟವಾದ ಸಂಖ್ಯೆಯನ್ನು ಎನ್‌ಪಿಎಂ ಮತ್ತೆ ಸ್ವೀಕರಿಸುವುದಿಲ್ಲವಾದ್ದರಿಂದ ಮುಂದಿನ ಹಂತದಲ್ಲೇ ಎಲ್ಲವೂ ಬೀಳುತ್ತದೆ. ಆಗ ನಿಮ್ಮ ಬಳಿ ತಪ್ಪು ಕಮಿಟ್‌ಗೆ ಅಂಟಿಕೊಂಡ ಟ್ಯಾಗ್ ಒಂದು ಹೆಚ್ಚಾಗಿ ಉಳಿಯುತ್ತದೆ, ನಾಳೆ 1.1.0ರಲ್ಲಿ ಇದೇ ಗೋಳು ಮರುಕಳಿಸುತ್ತದೆ.

ಪ್ಯಾಕೇಜ್.ಜೇಸನ್‌ನಲ್ಲಿರುವ ಸಂಖ್ಯೆಯನ್ನು ಈ ಉಪಕರಣ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ನೋಡುವುದು ಟ್ಯಾಗ್‌ಗಳನ್ನು ಮಾತ್ರ, ಅದರಲ್ಲೂ ಬಿಡುಗಡೆಯ ಬ್ರಾಂಚ್‌ನ ಇತಿಹಾಸದೊಳಗೆ ಸಿಗುವ ಟ್ಯಾಗ್‌ಗಳನ್ನು ಮಾತ್ರ. ಟ್ಯಾಗ್ ರೆಪೊಸಿಟರಿಯಲ್ಲಿ ಇದ್ದೂ ಬ್ರಾಂಚ್‌ನ ಇತಿಹಾಸದಲ್ಲಿ ಇಲ್ಲದಿದ್ದರೆ ನಿಮ್ಮ ಲಾಗ್‌ನಲ್ಲಿರುವ ಎರಡು ಮಾತುಗಳೂ ಏಕಕಾಲಕ್ಕೆ ನಿಜವಾಗುತ್ತವೆ: ಹಿಂದಿನ ಬಿಡುಗಡೆ ಸಿಗಲಿಲ್ಲ, ಆದರೆ ಆ ಹೆಸರಿನ ಟ್ಯಾಗ್ ಇದೆ. ಹೊಸದಾಗಿ ಕ್ಲೋನ್ ಮಾಡಿ, ಗಿಟ್ ಟ್ಯಾಗ್ --ಮರ್ಜ್ಡ್ ಮೇನ್ ಎಂಬ ಆದೇಶ ಕೊಟ್ಟು ಏನು ಬರುತ್ತದೆ ನೋಡಿ. ಇತ್ತೀಚೆಗೆ ಯಾರಾದರೂ ಫೋರ್ಸ್ ಪುಶ್ (ಗಿಟ್‌ಹಬ್‌ನಲ್ಲಿರುವ ಇತಿಹಾಸವನ್ನು ಬಲವಂತವಾಗಿ ಬದಲಿಸುವುದು) ಮಾಡಿದ್ದಾರೆಯೇ ಎಂಬುದನ್ನೂ ವಿಚಾರಿಸಿ.

ಪ್ರಶ್ನೆ ಕೇಳಿದವರಿಂದ

ಆ ಆದೇಶಕ್ಕೆ ಒಂದೂ ಟ್ಯಾಗ್ ಬರಲಿಲ್ಲ. ನಮ್ಮ ತಂಡದವರೊಬ್ಬರು ಇತಿಹಾಸದಲ್ಲಿ ಸೇರಿಕೊಂಡಿದ್ದ ದೊಡ್ಡ ಕಡತವೊಂದನ್ನು ಗಿಟ್ ಫಿಲ್ಟರ್-ರೆಪೊ ಬಳಸಿ ತೆಗೆದು, ಮೇನ್ ಬ್ರಾಂಚನ್ನು ಫೋರ್ಸ್ ಪುಶ್ ಮಾಡಿದ್ದರಂತೆ. ಅವರ ಯಂತ್ರದಲ್ಲಿ ಮಾತ್ರ ಟ್ಯಾಗ್‌ಗಳೆಲ್ಲ ಮೇನ್‌ನ ಇತಿಹಾಸದಲ್ಲೇ ಇವೆ. ಇದೇಕೆ ಹೀಗೆ?

ಉತ್ತರ

ಫಿಲ್ಟರ್-ರೆಪೊ ಕಮಿಟ್‌ಗಳನ್ನು ಹೊಸದಾಗಿ ಬರೆಯುವಾಗ ಸ್ಥಳೀಯ ಟ್ಯಾಗ್‌ಗಳನ್ನೂ ಹೊಸ ಕಮಿಟ್‌ಗಳ ಕಡೆಗೆ ತಿರುಗಿಸುತ್ತದೆ. ಆದರೆ ಅವರು ಕಳುಹಿಸಿದ್ದು ಬ್ರಾಂಚನ್ನು ಮಾತ್ರ. ಹೀಗಾಗಿ ಗಿಟ್‌ಹಬ್‌ನಲ್ಲಿರುವ ಟ್ಯಾಗ್‌ಗಳು ಈಗ ಯಾವ ಬ್ರಾಂಚ್‌ನಲ್ಲೂ ಇಲ್ಲದ ಹಳೆಯ ಕಮಿಟ್‌ಗಳನ್ನೇ ತೋರಿಸುತ್ತಿವೆ. ಅಂದಹಾಗೆ, ನೀವು ತೆಗೆಯಬೇಕೆಂದಿದ್ದ ದೊಡ್ಡ ಕಡತವೂ ಆ ಟ್ಯಾಗ್‌ಗಳ ಆಸರೆಯಲ್ಲಿ ಇನ್ನೂ ರೆಪೊಸಿಟರಿಯಲ್ಲೇ ಉಳಿದಿದೆ.

ಅವರ ಯಂತ್ರದಲ್ಲಿ ಆ ರೆಪೊಸಿಟರಿ ಹಾಗೆಯೇ ಇರುವುದು ನಿಮ್ಮ ಪುಣ್ಯ. ಬೇರೆ ಅಡ್ಡಾದಿಡ್ಡಿ ಟ್ಯಾಗ್‌ಗಳು ಅಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಅಲ್ಲಿಂದಲೇ ಗಿಟ್ ಪುಶ್ --ಫೋರ್ಸ್ ಒರಿಜಿನ್ --ಟ್ಯಾಗ್ಸ್ ಓಡಿಸಿದರೆ ಸಾಕು. ಆ ರೆಪೊಸಿಟರಿ ಇಲ್ಲದಿದ್ದರೆ ಪ್ರತಿ ಟ್ಯಾಗ್‌ಗೂ ಸರಿಹೊಂದುವ ಹೊಸ ಕಮಿಟನ್ನು ಸಂದೇಶ ಮತ್ತು ದಿನಾಂಕದ ಆಧಾರದಿಂದ ಹುಡುಕಿ ಕೈಯಿಂದ ಹಾಕಬೇಕಾಗುತ್ತಿತ್ತು. ತಂಡದ ಉಳಿದವರು ಹಳೆಯ ಕ್ಲೋನ್‌ಗಳನ್ನು ಬಿಟ್ಟು ಹೊಸದಾಗಿ ಕ್ಲೋನ್ ಮಾಡಿಕೊಳ್ಳಲಿ; ಇಲ್ಲವಾದರೆ ಯಾರೋ ಒಬ್ಬರು ಹಳೆಯ ಟ್ಯಾಗ್‌ಗಳನ್ನೋ ಹಳೆಯ ಇತಿಹಾಸವನ್ನೋ ಮತ್ತೆ ಮೇಲಕ್ಕೆ ತಳ್ಳಿಬಿಡುವ ಸಂಭವವಿದೆ. ಬಿಡುಗಡೆಗೆ ಮುನ್ನ --ಡ್ರೈ-ರನ್ (ನಿಜವಾಗಿ ಪ್ರಕಟಿಸದೆ ಪರೀಕ್ಷಿಸುವ) ಆಯ್ಕೆಯೊಂದಿಗೆ ಒಮ್ಮೆ ಓಡಿಸಿ, ಮುಂದಿನ ಆವೃತ್ತಿ ಎಷ್ಟೆಂದು ಅದು ಹೇಳುತ್ತದೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಟ್ಯಾಗ್‌ಗಳನ್ನು ಕಳುಹಿಸಿದ ಮೇಲೆ ಡ್ರೈ-ರನ್ 1.4.3 ಎಂದಿತು, ಬಿಡುಗಡೆಯೂ ಆಯಿತು. ಧನ್ಯವಾದಗಳು. ಇದಕ್ಕೆ ಹೊಂದಿಕೊಂಡ ಇನ್ನೊಂದು ತೊಡಕಿದೆ. ಹೊಸ ಟ್ಯಾಗ್ ಬಂದಾಗ ದಾಖಲೆಯ ಪುಟಗಳನ್ನು ಕಟ್ಟಲೆಂದು ಬೇರೆಯದೊಂದು ವರ್ಕ್‌ಫ್ಲೋ (ಗಿಟ್‌ಹಬ್ ಆಕ್ಷನ್ಸ್ ತಾನಾಗಿ ಓಡಿಸುವ ಕೆಲಸಗಳ ಪಟ್ಟಿ) ಬರೆದಿದ್ದೇನೆ. ನಾನು ಕೈಯಿಂದ ಟ್ಯಾಗ್ ಹಾಕಿದರೆ ಅದು ಓಡುತ್ತದೆ, ಸೆಮ್ಯಾಂಟಿಕ್-ರಿಲೀಸ್ ಹಾಕಿದರೆ ಓಡುವುದಿಲ್ಲ. ವೈಯಕ್ತಿಕ ಟೋಕನ್ (ನನ್ನ ಖಾತೆಯ ಪರವಾಗಿ ಅನುಮತಿ ಕೊಡುವ ಕೀಲಿ) ಕೊಟ್ಟು ನೋಡಿದರೂ ಅಷ್ಟೇ.

ಇನ್ನೊಬ್ಬರ ಉತ್ತರ

ಇಲ್ಲಿ ಒಂದರ ಹಿಂದೆ ಒಂದು ಅಡಗಿರುವ ಎರಡು ಕಾರಣಗಳಿವೆ, ಆದ್ದರಿಂದಲೇ ಮೊದಲನೆಯದನ್ನು ಸರಿಪಡಿಸಿದರೂ ಫಲ ಕಾಣಲಿಲ್ಲ. ವರ್ಕ್‌ಫ್ಲೋಗೆ ತಾನಾಗಿ ಸಿಗುವ ಗಿಟ್‌ಹಬ್ ಟೋಕನ್‌ನಿಂದ ಆದ ಪುಶ್ ಮತ್ತೊಂದು ವರ್ಕ್‌ಫ್ಲೋವನ್ನು ಎಬ್ಬಿಸುವುದಿಲ್ಲ. ಕೊನೆಯಿಲ್ಲದ ಸುತ್ತಾಟ ತಪ್ಪಿಸಲೆಂದೇ ಹಾಗೆ ಇಟ್ಟಿದ್ದಾರೆ. ವೈಯಕ್ತಿಕ ಟೋಕನ್ ಈ ಅಡ್ಡಿಯನ್ನು ತೆಗೆಯುತ್ತದೆ. ಆದರೆ ನೀವು ಬದಲಾವಣೆ ಪಟ್ಟಿಯನ್ನು ರೆಪೊಸಿಟರಿಗೇ ಸೇರಿಸಲು ಗಿಟ್ ಪ್ಲಗಿನ್ ಬಳಸುತ್ತಿದ್ದರೆ, ಅದು ಮಾಡುವ ಕಮಿಟ್‌ನ ಸಂದೇಶದಲ್ಲಿ ಸ್ಕಿಪ್ ಸಿಐ (ಸ್ವಯಂಚಾಲಿತ ಕೆಲಸಗಳನ್ನು ಓಡಿಸಬೇಡ) ಎಂಬ ಸೂಚನೆ ಪೂರ್ವನಿಯೋಜಿತವಾಗಿ ಇರುತ್ತದೆ. ಟ್ಯಾಗ್ ಬೀಳುವುದು ಅದೇ ಕಮಿಟ್‌ನ ಮೇಲೆ. ಹಾಗಾಗಿ ಬ್ರಾಂಚ್‌ನ ಪುಶ್ ಮಾತ್ರವಲ್ಲ, ಟ್ಯಾಗ್‌ನ ಪುಶ್ ಕೂಡ ಕಡೆಗಣಿಸಲ್ಪಡುತ್ತದೆ.

ಆ ಸೂಚನೆ ಪುಶ್ ಮತ್ತು ಪುಲ್ ರಿಕ್ವೆಸ್ಟ್ ಘಟನೆಗಳಿಗಷ್ಟೇ ಅನ್ವಯಿಸುವುದರಿಂದ, ಟ್ಯಾಗ್ ಬದಲು ರಿಲೀಸ್ ಪ್ರಕಟವಾದ ಘಟನೆಗೆ ವರ್ಕ್‌ಫ್ಲೋವನ್ನು ಕಟ್ಟುವುದು ಒಂದು ದಾರಿ. ಆದರೂ ನನ್ನ ಮಟ್ಟಿಗೆ, ಒಬ್ಬ ವ್ಯಕ್ತಿಯ ಖಾತೆಗೆ ಸೇರಿದ, ಎಂದೋ ಒಂದು ದಿನ ಅವಧಿ ಮುಗಿಯುವ ಟೋಕನ್ ಮೇಲೆ ಇಡೀ ಬಿಡುಗಡೆ ನಿಂತಿರುವುದು ಒಳ್ಳೆಯದಲ್ಲ. ದಾಖಲೆ ಕಟ್ಟುವ ಕೆಲಸವನ್ನು ಅದೇ ವರ್ಕ್‌ಫ್ಲೋದಲ್ಲಿ ಎರಡನೆಯ ಜಾಬ್ ಆಗಿ, ನೀಡ್ಸ್ (ಇನ್ನೊಂದು ಜಾಬ್ ಮುಗಿದ ಮೇಲೆಯೇ ಓಡು ಎನ್ನುವ ಸೂಚನೆ) ಮೂಲಕ ಮೊದಲನೆಯದಕ್ಕೆ ಜೋಡಿಸಿ. ಆದೇಶಗಳನ್ನು ಓಡಿಸುವ ಎಕ್ಸೆಕ್ ಪ್ಲಗಿನ್‌ನ ಸಕ್ಸೆಸ್ ಹಂತದಲ್ಲಿ ಹೊಸ ಆವೃತ್ತಿ ಸಂಖ್ಯೆಯನ್ನು ಜಾಬ್‌ನ ಔಟ್‌ಪುಟ್‌ಗೆ ಬರೆಸಿ, ಆ ಸಂಖ್ಯೆ ಖಾಲಿಯಿಲ್ಲದಿದ್ದರೆ ಮಾತ್ರ ಎರಡನೆಯ ಜಾಬ್ ಓಡುವಂತೆ ಷರತ್ತು ಹಾಕಿ; ಚೆಕ್‌ಔಟ್‌ನಲ್ಲಿ ಆ ಟ್ಯಾಗನ್ನೇ ಕೇಳಿಕೊಳ್ಳುವುದನ್ನು ಮರೆಯಬೇಡಿ, ಇಲ್ಲವಾದರೆ ಬಿಡುಗಡೆಗೆ ಮುಂಚಿನ ಕಮಿಟ್‌ನಿಂದ ಪುಟಗಳು ತಯಾರಾಗುತ್ತವೆ.

ಪ್ರಶ್ನೆ ಕೇಳಿದವರಿಂದ

ನೀಡ್ಸ್ ದಾರಿಯನ್ನೇ ಹಿಡಿದೆ. ಫಿಕ್ಸ್ ಕಮಿಟ್ ಸೇರಿಸಿದಾಗ 1.4.4ರ ಪುಟಗಳು ತಯಾರಾದವು, ಚೋರ್ ಕಮಿಟ್ (ಬಿಡುಗಡೆ ಬೇಡದ ನಿರ್ವಹಣಾ ಬದಲಾವಣೆ) ಸೇರಿಸಿದಾಗ ಬಿಡುಗಡೆಯೂ ಆಗಲಿಲ್ಲ, ಎರಡನೆಯ ಜಾಬ್ ಕೂಡ ಸ್ಕಿಪ್ಡ್ ಎಂದು ತೋರಿಸಿತು. ವೈಯಕ್ತಿಕ ಟೋಕನ್ನನ್ನು ಸೀಕ್ರೆಟ್ಸ್‌ನಿಂದ ತೆಗೆದಿದ್ದೇನೆ.