‘ಮಧುಮೇಹೇತರ ಮೂತ್ರಪಿಂಡ ರೋಗ’ ಎಂದರೆ ಯಾರ ರೋಗ?

ಪ್ರಶ್ನೆ (ಕುಮಟಾ):
ಮಾನ್ಯರೇ, ಶುಗರ್ ಇರುವವರಿಗೆ ಹಂಚುವ ಕರಪತ್ರದ ಕರಡಿನಲ್ಲಿ ‘ಮಧುಮೇಹೇತರ ಮೂತ್ರಪಿಂಡ ರೋಗ’ ಎಂದಿದೆ. ಓದಿದವರೆಲ್ಲ ‘ಶುಗರ್ ಇಲ್ಲದವರಿಗೆ ಬರುವುದು, ನಮಗಲ್ಲ’ ಎನ್ನುತ್ತಾರೆ. ಬೇರೆ ಪದವಿದೆಯೇ? ಬಯಾಪ್ಸಿಗೆ ‘ಅಂಗಾಂಶ ಪರೀಕ್ಷೆ’ ಸಾಕೇ?

ಉತ್ತರ (ಶಿರಸಿ):
ಓದುಗರದು ತಪ್ಪಲ್ಲ, ಪದವೇ ತಪ್ಪು ದಾರಿಗೆಳೆಯುತ್ತದೆ. ‘ಇತರ’ ಇಲ್ಲಿ ರೋಗದ ಕಾರಣಕ್ಕೆ ಸೇರಬೇಕು. ಓದುವಾಗ ರೋಗಿಗೆ ಹೋಗಿ ಅಂಟುತ್ತದೆ. ತಲೆಬರಹಕ್ಕೆ ‘ಮಧುಮೇಹಿಗಳಲ್ಲಿ ಅನ್ಯಕಾರಣದ ಮೂತ್ರಪಿಂಡ ರೋಗ’ ಎಂದಿಡಿ. ಒಳಗೆ ‘ಶುಗರ್ ಇದ್ದೂ ಶುಗರ್‌ನಿಂದ ಬಂದದ್ದಲ್ಲದ ಕಿಡ್ನಿ ಕಾಯಿಲೆ’ ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ಅರ್ಥ ಕೆಡುವುದಿಲ್ಲ. ಶುಗರ್‌ನಿಂದಲೇ ಆದದ್ದಕ್ಕೆ ‘ಮಧುಮೇಹಜನ್ಯ’ ಚೆನ್ನಾಗಿ ಹೊಂದುತ್ತದೆ.

ಈ ವ್ಯತ್ಯಾಸ ಚಿಕಿತ್ಸೆಯನ್ನೇ ಬದಲಿಸುತ್ತದೆ. ನಮ್ಮ ಕಡೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ) ಏರಿತೆಂದರೆ ‘ಶುಗರ್‌ನಿಂದ ಕಿಡ್ನಿ ಹೋಯ್ತು’ ಎಂದು ಮಾತು ಮುಗಿಸುತ್ತಾರೆ. ಆದರೆ ಐಜಿಎ ನೆಫ್ರೋಪತಿ, ಮೆಂಬ್ರೇನಸ್ ನೆಫ್ರೋಪತಿ (ಎರಡೂ ಕಿಡ್ನಿಯ ಸೋಸುವ ಭಾಗವನ್ನು ಕೆಡಿಸುವ ಕಾಯಿಲೆಗಳು), ಸೋಂಕಿನ ಬೆನ್ನಿಗೆ ಬರುವ ಉರಿಯೂತ, ನೋವಿನ ಮಾತ್ರೆಯಿಂದಾದ ಹಾನಿ, ಮಳೆಗಾಲದ ಇಲಿಜ್ವರ ಇವೆಲ್ಲ ಶುಗರ್ ಇದ್ದವರನ್ನು ಬಿಟ್ಟು ಹೋಗುವುದಿಲ್ಲ. ಕೆಲವಕ್ಕೆ ಪ್ರತ್ಯೇಕ ಔಷಧವೇ ಇದೆ. ಸ್ಟಿರಾಯ್ಡ್ ಕೊಡಬೇಕಾಗಿ ಬಂದರೆ ಶುಗರ್ ಏರುತ್ತದೆ, ಇನ್ಸುಲಿನ್ ಲೆಕ್ಕವನ್ನೂ ಜೊತೆಗೇ ತಿದ್ದಬೇಕು.

ಕರಪತ್ರದಲ್ಲಿ ‘ಅನುಮಾನ ಯಾವಾಗ?’ ಎಂಬ ಭಾಗ ಇರಲೇಬೇಕು. ಮಧುಮೇಹಜನ್ಯ ರೋಗ ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಮೂತ್ರದ ಅಲ್ಬುಮಿನ್ (ರಕ್ತದಿಂದ ಸೋರುವ ಪ್ರೋಟೀನ್) ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿ, ಮುಂದೆ 300ನ್ನೂ ಮೀರುತ್ತದೆ. ಹಾಗಲ್ಲದೆ ಕೆಲವೇ ವಾರಗಳಲ್ಲಿ ಕಾಲು, ಮುಖ ಊದಿ ಮೂತ್ರ ನೊರೆನೊರೆಯಾದರೆ, ಮೂತ್ರದಲ್ಲಿ ರಕ್ತಕಣ ಕಂಡರೆ, ಕಿಡ್ನಿಯ ಸೋಸುವ ಶಕ್ತಿ ದಿಢೀರ್ ಕುಸಿದರೆ, ಟೈಪ್ 1 ಮಧುಮೇಹ ಶುರುವಾಗಿ ಐದು ವರ್ಷವೂ ಆಗಿರದಿದ್ದರೆ, ಬೇರೆ ಕಾರಣ ಹುಡುಕಬೇಕು. ಕಣ್ಣಿನ ಪರದೆ (ರೆಟಿನಾ) ಪರೀಕ್ಷೆಯೂ ಸುಳಿವು ಕೊಡುತ್ತದೆ. ಆದರೆ ‘ಪರದೆ ಸರಿಯಿದೆ, ಹಾಗಾದರೆ ಶುಗರ್‌ನಿಂದಲ್ಲ’ ಎಂದು ದಯವಿಟ್ಟು ಬರೆಯಬೇಡಿ. ಟೈಪ್ 2 ಮಧುಮೇಹದಲ್ಲಿ ಪರದೆ ಕೆಡದೆಯೂ ಶುಗರ್‌ನಿಂದ ಕಿಡ್ನಿ ಕೆಡುವುದುಂಟು.

‘ಅಂಗಾಂಶ ಪರೀಕ್ಷೆ’ ಅಂದರೆ ಯಾರಿಗೂ ಚಿತ್ರ ಮೂಡುವುದಿಲ್ಲ, ಬರೀ ‘ಬಯಾಪ್ಸಿ’ ಅಂದರೆ ಕ್ಯಾನ್ಸರ್ ಎಂದು ಹೆದರುತ್ತಾರೆ. ‘ಕಿಡ್ನಿಯ ಸೂಜಿ ಬಯಾಪ್ಸಿ’ ಎಂದು ಬರೆದು, ಕೆಳಗೆ ವಿವರ ಕೊಡಿ: ಬೆನ್ನಿನ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ಸ್ಕ್ಯಾನಿಂಗ್ ನೋಡುತ್ತ ಸೂಜಿಯಿಂದ ದಾರದಂಥ ಸಣ್ಣ ಎಳೆ ತೆಗೆಯುವುದು, ಆಮೇಲೆ ಹಲವು ಗಂಟೆ ಅಂಗಾತ ಮಲಗುವುದು, ಮೂತ್ರ ಕೆಂಪಾಗಿದೆಯೇ ಎಂದು ಗಮನಿಸುವುದು. ಮುಖ್ಯ ಅಪಾಯ ರಕ್ತಸ್ರಾವ. ಆದ್ದರಿಂದ ಬಿಪಿ ಹತೋಟಿಯಲ್ಲಿರಬೇಕು. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು.

ಸೇರಿಸಿ (ಕಾರವಾರ):
‘ಅನ್ಯಕಾರಣದ’ ನನಗೂ ಒಪ್ಪಿಗೆ. ಬಯಾಪ್ಸಿ ವರದಿಯಲ್ಲಿ ಮಧುಮೇಹಜನ್ಯ, ಅನ್ಯಕಾರಣದ ಎರಡೂ ರೋಗ ಒಟ್ಟಿಗೆ ಸಿಗುವುದುಂಟು. ಅದಕ್ಕೆ ‘ಮಿಶ್ರ’ ಎಂಬ ಮೂರನೇ ಪದ ಬೇಕು. ಇಲ್ಲದಿದ್ದರೆ ಅನ್ಯಕಾರಣ ಸಿಕ್ಕಿತೆಂದು ಶುಗರ್, ಬಿಪಿ ಮಾತ್ರೆ ಬಿಡುವವರಿದ್ದಾರೆ.